ಒಂದು ಮಿಸ್ಡ್ ಕಾಲ್ ಅಂದರೆ ಕ್ಷೇಮ

“ಭಯ್ಯಾ, ಕಂಟೋನ್ಮೆಂಟಿಗೆ ಯಾವ ದಾರಿ?”

ಗಾಡಿಯ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಒಂದು ಕೈಯಲ್ಲಿ ಫೋನನ್ನು ಆಕಾಶಕ್ಕೆ ಹಿಡಿದು, ಪಾನ್ ಅಂಗಡಿಯ ಮುಂದೆ ನಿಂತಿದ್ದವನನ್ನು ಕೇಳಿದೆ. ಕಾಶಿ ಸೇರಿ ಅರ್ಧ ದಿನವಾಗಿತ್ತು. ಅಷ್ಟು ಹೊತ್ತೂ ದಾರಿ ತಪ್ಪಿಯೇ ಇದ್ದೆವು.

ಚಕ್ರದ ಮೇಲೆ ಮನೆ ಮಾಡಿಕೊಂಡವರಿಗೆ ಇಂಥವು ಆಗುತ್ತಲೇ ಇರುತ್ತವೆ. ಆಮೇಲೆ ಹೇಳಿಕೊಂಡು ನಗುತ್ತೇವೆ. ಆದರೆ ಆ ಕಾರ್ತಿಕದಲ್ಲಿ ಹೆದರಿಕೆ ಮೊದಲ ಬಸ್ಸಿಗೇ ಬಂದಿಳಿಯಿತು. ನಗು ಬಂದದ್ದು ಆಮೇಲಿನ ಬಸ್ಸಿಗೆ.

ಗದ್ದ ತೋರಿಸಿದ ದಾರಿ

ನಮ್ಮ ಗಾಡಿ ಎಂದರೆ ಯಾವುದೋ ಶಾಲೆಯವರು ಮಾರಿದ ಹಳೆಯ ಮಿನಿ ಬಸ್ಸು. ಸೀಟು ಕಿತ್ತು ಎರಡು ಮಂಚ, ಒಂದು ಗ್ಯಾಸ್ ಒಲೆ, ಒಂದು ನೀರಿನ ಡ್ರಮ್ಮು ಇಟ್ಟುಕೊಂಡಿದ್ದೆವು. ಓಡಿಸುವುದು ನಮ್ಮವರು. ಜೀವಮಾನವಿಡೀ ಟೆಲಿಫೋನ್ ತಂತಿ ಎಳೆದು ನಿವೃತ್ತರಾದವರು. ತಂತಿಯಿಲ್ಲದ ಫೋನಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ನನಗೆ ನಂಬಿಕೆ ಇತ್ತು, ಸಿಗ್ನಲ್ ಇರಲಿಲ್ಲ. ಆಗಿನ್ನೂ ಫೋನಿನಲ್ಲಿ ನಕ್ಷೆ ಬಂದಿರಲಿಲ್ಲ. ಎಷ್ಟೋ ಸಲ ಫೋನಿನಲ್ಲಿ ಫೋನೇ ಇರುತ್ತಿರಲಿಲ್ಲ.

ಪಾನ್ ಅಂಗಡಿಯವನ ಮುಂದೆ ನಿಂತಿದ್ದ ಆ ಮನುಷ್ಯ ನನ್ನ ಪ್ರಶ್ನೆ ಕೇಳಿ, ನನ್ನ ಕೈಯಲ್ಲಿದ್ದ ಫೋನ್ ನೋಡಿ, ಗದ್ದವನ್ನು ನಿಧಾನವಾಗಿ ಮೇಲೆತ್ತಿದ. ನಾನೂ ಮೇಲೆ ನೋಡಿದೆ. ಗಲ್ಲಿಯ ಆಚೆ ತುದಿಯಲ್ಲಿ, ಮನೆಗಳ ತಲೆಯ ಮೇಲೆ, ಒಂದು ಮೊಬೈಲ್ ಟವರ್!

“ನೋಡಿ, ಟವರ್ ಕಡೆ ಹೋಗಿ ಅಂತಿದ್ದಾನೆ. ಎಂಥಾ ಬುದ್ಧಿವಂತ!” ಅಂದೆ. ನಮ್ಮವರು ಗಾಡಿ ತಿರುಗಿಸಿದರು.

ಗಲ್ಲಿ ಸಣ್ಣದಾಯಿತು. ಎಡಗಡೆಯ ಕನ್ನಡಿ ಮಡಿಚಿದೆವು, ಬಲಗಡೆಯದನ್ನೂ ಮಡಿಚಿದೆವು. ಆಮೇಲೆ ಎದುರಿಗೊಂದು ಗೂಳಿ ಬಂತು. ಕಾಶಿಯಲ್ಲಿ ಗೂಳಿ ಹಿಂದೆ ಸರಿಯುವುದಿಲ್ಲ, ಸರಿಯಬೇಕಾದವರು ನಾವು. ಕಿಟಕಿಗೆ ಗೋಡೆ, ಗೋಡೆಗೆ ಕಿಟಕಿ ಉಜ್ಜಿಕೊಳ್ಳುತ್ತ ನಾವು ಹಿಂದಕ್ಕೆ ಬಂದೆವು. ಗೂಳಿ ನಮ್ಮನ್ನು ಮೆರವಣಿಗೆಯಲ್ಲಿ ಬೀಳ್ಕೊಡುವ ಹಾಗೆ ಮುಂದಕ್ಕೆ ಬಂತು.

ಆ ಮನುಷ್ಯ ಅಲ್ಲೇ ಇದ್ದ. ಉಗುಳಿ ಬಾಯಿ ಖಾಲಿ ಮಾಡಿಕೊಂಡು, “ಬಹೆನ್‌ಜೀ, ಅಲ್ಲಿಗೆ ಯಾಕೆ ಹೋದಿರಿ? ಬಾಯ್ತುಂಬ ಪಾನ್ ಇತ್ತು. ಗದ್ದ ಎತ್ತದಿದ್ದರೆ ನಿಮ್ಮ ಸೀರೆ ಮೇಲೆ ಬೀಳುತ್ತಿತ್ತು ಅಂತ ಎತ್ತಿದೆ. ಉತ್ತರ ಕೊಡೋದರೊಳಗೆ ಹೊರಟೇಬಿಟ್ಟಿರಿ!” ಅಂದ.

“ತಪ್ಪಾಯಿತು ಭಯ್ಯಾ. ಈಗ ಹೇಳಿ, ಕಂಟೋನ್ಮೆಂಟ್ ಯಾವ ಕಡೆ?”

ಅಷ್ಟರಲ್ಲಿ ಅಂಗಡಿಯವನು ಹೊಸ ಬೀಡಾ ಕೈಗಿಟ್ಟ. ಆ ಮನುಷ್ಯ ಅದನ್ನು ಬಾಯಿಗಿಟ್ಟುಕೊಂಡು, ಗದ್ದ ಮೇಲೆತ್ತಿದ.

ಸೇತುವೆಯ ಮೇಲಿನ ಪ್ರದಕ್ಷಿಣೆ

ಫೋನನ್ನು ನಾನು ಹಾಗೆ ಹಿಡಿದುಕೊಂಡು ತಿರುಗಲು ಕಾರಣವಿತ್ತು.

ನಾವು ಜಬಲ್‌ಪುರ ದಾಟುವಾಗ ಮೈಸೂರಿನಿಂದ ಅಕ್ಕ ಫೋನ್ ಮಾಡಿದ್ದಳು. ಎದೆಯಲ್ಲಿ ಒಂದು ಗಂಟು ಸಿಕ್ಕಿದೆ, ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ.

“ಮಕ್ಕಳಿಗೂ ಹೇಳಿಲ್ಲ ಕಣೇ, ನಿನಗೆ ಮಾತ್ರ. ಈಗಲೇ ಓಡಿ ಬರಬೇಡ, ಬಂದರೆ ಎಲ್ಲರಿಗೂ ಅನುಮಾನ ಬರುತ್ತೆ. ನಿನ್ನ ಗಂಡನಿಗಂತೂ ಹೇಳಲೇಬೇಡ. ಅವರಿಗೆ ಹೇಳೋದೂ ಒಂದೇ, ಡಂಗುರ ಹೊಡೆಸೋದೂ ಒಂದೇ.”

“ರಿಸಲ್ಟ್ ಬಂದ ತಕ್ಷಣ ಫೋನ್ ಮಾಡ್ತೀಯ ತಾನೇ?”

“ನೀನು ರೋಮಿಂಗ್‌ನಲ್ಲಿದ್ದೀಯ, ಸುಮ್ಮನೆ ದುಡ್ಡು ದಂಡ. ಒಂದು ಮಿಸ್ಡ್ ಕಾಲ್ ಕೊಟ್ಟರೆ ಕ್ಷೇಮ ಅಂತ. ಎರಡು ಕೊಟ್ಟರೆ ಹೊರಟು ಬಾ.”

ಸಾವು ಬದುಕಿನ ಮಾತನ್ನೂ ಮಿಸ್ಡ್ ಕಾಲಿನಲ್ಲೇ ಮುಗಿಸುವ ಹೆಂಗಸು ನಮ್ಮಕ್ಕ. ಆಗ ಹೂಂ ಅಂದೆ. ರಾತ್ರಿ ಮಲಗಿದ ಮೇಲೆ ಹೊಳೆಯಿತು: ಸಿಗ್ನಲ್ ಇಲ್ಲದಾಗ ಬಂದ ಮಿಸ್ಡ್ ಕಾಲ್ ನನಗೆ ಗೊತ್ತೇ ಆಗುವುದಿಲ್ಲ. ಅವಳು ಎರಡು ಕೊಟ್ಟು, ನನಗೆ ಒಂದೇ ಮುಟ್ಟಿದರೆ? ಕೆಟ್ಟ ಸುದ್ದಿ ಒಳ್ಳೆಯ ಸೀರೆ ಉಟ್ಟುಕೊಂಡು ಬಂದ ಹಾಗೆ. ನಾನು ಇಲ್ಲಿ ಪೇಡಾ ಹಂಚುತ್ತಿರುತ್ತೇನೆ, ಅವಳು ಅಲ್ಲಿ ಬಾಗಿಲು ನೋಡುತ್ತಿರುತ್ತಾಳೆ.

ಕಾಶಿ ಸೇರಿದ ಮರುದಿನ ಗಂಗೆಯಾಚೆಯ ರಾಮನಗರಕ್ಕೆ ಹೊರಟಾಗ ಕಂಡುಹಿಡಿದೆ: ಸೇತುವೆಯ ನಟ್ಟನಡುವೆ ಫೋನಿನಲ್ಲಿ ಕಡ್ಡಿಗಳು ಪೂರ್ತಿ ಎದ್ದು ನಿಲ್ಲುತ್ತವೆ. ಆಚೆ ದಡ ಮುಟ್ಟಿದರೆ ಮಲಗುತ್ತವೆ.

“ಏನೋ ಬಿಟ್ಟು ಬಂದೆ, ತಿರುಗಿಸಿ” ಅಂದೆ. ಈಚೆ ಬಂದೆವು. “ಇಲ್ಲ, ಇಲ್ಲೇ ಇದೆ, ತಿರುಗಿಸಿ” ಅಂದೆ. ಹೀಗೆ ಎಷ್ಟೋ ಸಲ ಆದಮೇಲೆ ಸೇತುವೆಯ ಬಾಯಲ್ಲಿ ಪೊಲೀಸಿನವನು ಲಾಠಿ ಅಡ್ಡ ಹಿಡಿದ. “ಬೆಳಗಿನಿಂದ ನೋಡ್ತಿದ್ದೀನಿ. ಹೊರರಾಜ್ಯದ ಗಾಡಿ, ಕಿಟಕಿಗೆ ಪರದೆ. ಹೋಗ್ತೀರಿ, ಬರ್ತೀರಿ. ಏನು ಸಮಾಚಾರ?”

ಪಕ್ಕದಲ್ಲಿ ಗಂಡ. ನಿಜ ಹೇಳುವ ಹಾಗಿಲ್ಲ. ಬಾಯಿಗೆ ಬಂದದ್ದನ್ನು ಅಂದೆ: “ಹರಕೆ. ಗಂಗಾಮಾತೆಗೆ ಪ್ರದಕ್ಷಿಣೆ.”

“ಗಾಡಿಯಲ್ಲಿ?”

“ಮಂಡಿ ನೋವು.”

ಅವನು ಲಾಠಿ ಕಂಕುಳಿಗೆ ಸೇರಿಸಿ, ಸೇತುವೆಯ ಕಡೆ ಕೈಮುಗಿದ. ಪಾರಾದೆ ಅಂದುಕೊಂಡೆ. ಅವನು ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದ. “ಮಾತಾಜೀ, ನನಗೆ ಊರ ಹತ್ತಿರಕ್ಕೆ ವರ್ಗ ಆಗಬೇಕು. ನನ್ನ ಹೆಸರಲ್ಲೂ ಐದು ಸುತ್ತು ಹಾಕಿಬಿಡಿ. ನಾನು ಇಲ್ಲೇ ನಿಂತು ಎಣಿಸ್ತೀನಿ.”

ಕೋತಿಯ ಕೈಗೆ ಇಂಟರ್ನೆಟ್

ಕೊನೆಗೆ ಗಾಡಿ ನಿಲ್ಲಿಸಿದ್ದು ವಿಶ್ವವಿದ್ಯಾಲಯದ ಕನ್ನಡದ ಪ್ರೊಫೆಸರರೊಬ್ಬರ ಮನೆಯ ಕಾಂಪೌಂಡಿನಲ್ಲಿ. ಅವರ ಹೆಂಡತಿ ದಾವಣಗೆರೆಯವರು. “ಇವರ ಕನ್ನಡ ಎಲ್ಲ ಕ್ಲಾಸಿಗೇ ಖರ್ಚು, ನಮ್ಮನೇಲಿ ಕನ್ನಡ ಮಾತಾಡೋರು ನಾನು ಮತ್ತೆ ಕುಕ್ಕರ್ರು” ಎಂದು ನಮ್ಮನ್ನು ಬಿಡಲೇ ಇಲ್ಲ.

ಆಸ್ಪತ್ರೆಯವರು ರಿಪೋರ್ಟನ್ನು ಮೇಲ್‌ನಲ್ಲೂ ಕಳಿಸಬಹುದು ಎಂದು ಅಕ್ಕ ನನ್ನ ವಿಳಾಸ ಕೊಟ್ಟಿದ್ದಳು. ನಮ್ಮಲ್ಲಿ ಲ್ಯಾಪ್‌ಟಾಪಿಗೆ ಚುಚ್ಚುವ ಡೇಟಾ ಕಾರ್ಡ್ ಇತ್ತು. ಅದು ಗಾಡಿಯ ತಗಡಿನೊಳಗೆ ಉಸಿರೇ ಆಡುತ್ತಿರಲಿಲ್ಲ. ಯಾಕೆಂದು ಹೇಳದೆ ನಾನು ಹಠ ಹಿಡಿದದ್ದಕ್ಕೆ ನಮ್ಮವರು ಹಿಟ್ಟಿನ ಜರಡಿ ತೆಗೆದುಕೊಂಡು, ಅದರ ಮಧ್ಯಕ್ಕೆ ಕಾರ್ಡ್ ಕಟ್ಟಿ, ಉದ್ದನೆಯ ತಂತಿ ಸಿಕ್ಕಿಸಿ, ಗಾಡಿಯ ತಲೆಯ ಮೇಲೆ ನಿಲ್ಲಿಸಿದರು. “ತಂತಿ ಬಂತು ನೋಡು, ಈಗ ಕೆಲಸ ಮಾಡುತ್ತೆ.” ನಿಜಕ್ಕೂ ಒಂದು ಕಡ್ಡಿ ಎದ್ದಿತು. ಮೇಲ್‌ಬಾಕ್ಸ್ ತೆರೆಯಿತು. ಹೊಸ ಮೇಲ್ ಒಂದು. ಯಾರದ್ದು ಎನ್ನುವುದು ಮೂಡುವ ಮೊದಲೇ ಪರದೆ ನಿಂತುಹೋಯಿತು.

ಆಗಲೇ ತಲೆಯ ಮೇಲೆ ಧಡ್ ಎಂದು ಸದ್ದು. ಕೋತಿ. ಜರಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೇವಿನ ಮರ ಹತ್ತಿತು. ಪ್ರೊಫೆಸರರ ಹೆಂಡತಿ ಕೋಲು ಹಿಡಿದು ಓಡಿ ಬಂದರು.

“ಓಡಿಸಬೇಡಿ!” ನಮ್ಮವರು ಗಾಡಿಯೊಳಗಿಂದ ಕಿರುಚಿದರು. “ಸಿಗ್ನಲ್ ಫುಲ್ ಬಂದಿದೆ! ಇನ್ನೊಂದು ಕೊಂಬೆ ಹತ್ತಲಿ!”

ಕೋತಿ ಇನ್ನೊಂದು ಕೊಂಬೆ ಹತ್ತಿತು. ಮೇಲ್ ತೆರೆಯಿತು. ಆಸ್ಪತ್ರೆಯದ್ದಲ್ಲ. ಯಾರೋ ಹಳೆಯ ಗೆಳತಿ ಕಳಿಸಿದ ದೇವರ ಚಿತ್ರ: ‘ಇದನ್ನು ಸೂರ್ಯಾಸ್ತದೊಳಗೆ ಹನ್ನೊಂದು ಜನರಿಗೆ ಕಳಿಸಿ. ಅಲಕ್ಷ್ಯ ಮಾಡಿದ ಹೆಂಗಸೊಬ್ಬಳಿಗೆ ವಾರದೊಳಗೆ ಕೆಟ್ಟ ಸುದ್ದಿ ಬಂತು.’

ಮೂರು ಖಂಡ ಸುತ್ತಿದವಳು ನಾನು. ಬೆಕ್ಕು ಅಡ್ಡ ಬಂದರೆ ಅಪಶಕುನ ಬೆಕ್ಕಿಗೆ ಎನ್ನುವವಳು. ಬೇರೆ ದಿನವಾಗಿದ್ದರೆ ಅಳಿಸಿ ಹಾಕುತ್ತಿದ್ದೆ. ಅವತ್ತು ಹೆಸರು ಹುಡುಕತೊಡಗಿದೆ. ಹನ್ನೊಂದು ಜನರ ಹೆಸರು ಒತ್ತಿ ಕಳಿಸುವ ಮೊದಲೇ ಕೋತಿಗೆ ಬೇಜಾರಾಗಿ ಜರಡಿಯನ್ನು ಕೆಳಗೆ ಒಗೆಯಿತು.

ಸೂರ್ಯ ಮುಳುಗುವವರೆಗೂ ನಾನು ಆ ಮರದ ಕೆಳಗೆ ಒಂದು ಕೈಯಲ್ಲಿ ಬಾಳೆಹಣ್ಣು, ಒಂದು ಕೈಯಲ್ಲಿ ಜರಡಿ ಹಿಡಿದು, “ಬಾರಪ್ಪ, ಒಂದೇ ಒಂದು ಸಲ ಹತ್ತಪ್ಪ” ಎಂದು ಕೋತಿಯನ್ನು ಬೇಡುತ್ತ ನಿಂತಿದ್ದೆ.

ಆಕಾಶದಿಂದ ಬಂದ ಅಕ್ಕ

ರಿಸಲ್ಟ್ ಬರುವ ದಿನ ಬಂದೇಬಿಟ್ಟಿತು. ಸಂಜೆ ಡಾಕ್ಟರನ್ನು ನೋಡುತ್ತೇನೆ ಎಂದು ಅಕ್ಕ ಹೇಳಿದ್ದಳು. ಬಂಗಾಲಿ ಟೋಲಾ ಎಂಬ ಓಣಿಯ ಲಾಡ್ಜ್‌ಗಳ ತಾರಸಿಯಲ್ಲಿ ಸಿಗ್ನಲ್ ಚೆನ್ನಾಗಿದೆ ಎಂದು ಯಾರೋ ಅಂದರು. ಹೋಗಿ ನೋಡಿದರೆ ಕೋತಿ ಕಾಟಕ್ಕೆ ಎಲ್ಲ ತಾರಸಿಗೂ ಬೀಗ. ಗಲ್ಲಿ ಇಳಿಯುತ್ತ ಇಳಿಯುತ್ತ ನಾನೂ ನಮ್ಮವರೂ ಘಾಟಿಗೇ ಬಂದುಬಿಟ್ಟೆವು. ಹಿಂದೆ ಎತ್ತರದ ಕಟ್ಟಡಗಳು, ಮುಂದೆ ನೀರು, ಫೋನಿನಲ್ಲಿ ಕಡ್ಡಿ ಒಂದೂ ಇಲ್ಲ. ಫೋನೂ ನನ್ನದಲ್ಲ. ಹಿಂದಿನ ದಿನ ನಮ್ಮವರು ಉದ್ದ ಆಂಟೆನಾ ಎಳೆಯುವ ಚೀನಾ ಫೋನೊಂದನ್ನು ಕೊಂಡು, ನನ್ನ ಸಿಮ್ ಅದಕ್ಕೆ ಹಾಕಿದ್ದರು. ಅದರ ಬೆನ್ನ ತುಂಬ ಸ್ಪೀಕರು. ರಿಂಗಾದರೆ ಮದುವೆ ದಿಬ್ಬಣ ಹೊರಟ ಹಾಗೆ.

ಘಾಟಿನ ಮೆಟ್ಟಿಲುಗಳ ಮೇಲೆ ಉದ್ದುದ್ದ ಬಿದಿರು ಗಳಗಳು. ಕಾರ್ತಿಕದಲ್ಲಿ ಅಲ್ಲಿನವರು ತೀರಿಕೊಂಡವರಿಗೆ ದಾರಿ ಕಾಣಲೆಂದು ಸಣ್ಣ ಬುಟ್ಟಿಯಲ್ಲಿ ದೀಪವಿಟ್ಟು, ಹಗ್ಗ ಎಳೆದು ಗಳದ ತುದಿಗೆ ಏರಿಸುತ್ತಾರೆ. ಆಕಾಶದೀಪ. ಒಬ್ಬ ಅಜ್ಜಿ ಬತ್ತಿ ಹೊಸೆಯುತ್ತ ಕೂತಿದ್ದರು. ನಾನು ಕನ್ನಡದಲ್ಲಿ ಗೊಣಗಿದ್ದು ಕೇಳಿ ತಲೆಯೆತ್ತಿದರು. “ಯಾವೂರವ್ವಾ?” ಚಿತ್ರದುರ್ಗದ ಕಡೆಯವರು, ಗಂಡ ಹೋದ ಮೇಲೆ ಇಲ್ಲಿ ನಮ್ಮ ಕಡೆಯ ಮಠದ ಆಸರೆಯಲ್ಲಿ ಇರುವವರು.

ನಾನು ಗಳದ ತುದಿ ನೋಡಿದೆ. ಕಟ್ಟಡಗಳಿಗಿಂತ ಎತ್ತರ.

“ಅಜ್ಜಿ, ನಿಮ್ಮ ಬುಟ್ಟಿ ಒಂದು ಗಳಿಗೆ ಕೊಡ್ತೀರಾ? ಫೋನ್ ಇಟ್ಟು ಏರಿಸಬೇಕು.”

“ಮೇಲಿರೋರಿಗೆ ಫೋನ್ ಬ್ಯಾರೆ ಮಾಡ್ತಾರಾ ಈಗ?”

ಅವರ ಕಿವಿಯಲ್ಲಿ ಅಕ್ಕನ ವಿಷಯ ಹೇಳಿದೆ. ಅಜ್ಜಿ ದೀಪವನ್ನು ಬುಟ್ಟಿಯಿಂದ ತೆಗೆದಿಟ್ಟರು. “ತಗೋ. ಇವತ್ತಿನ ಬೆಳಕು ನಿನಗೆ ಸಾಲ. ನಮ್ಮೆಜಮಾನ್ರು ಒಂದಿನ ಕತ್ತಲಲ್ಲಿ ಕೂತ್ಕಳ್ಲಿ. ನನ್ನ ಎಷ್ಟು ದಿನ ಕೂರಿಸಿದ್ದಾರೆ.”

ಫೋನು ಏರಿತು. ಸ್ವಲ್ಪ ಹೊತ್ತಿಗೆ ಆಕಾಶದಲ್ಲಿ ದಿಬ್ಬಣ ಹೊರಟಿತು. ಘಾಟಿನವರೆಲ್ಲ ಕತ್ತೆತ್ತಿದರು. ನಿಂತಿತು. ಒಂದು! ನಾನು ಅಜ್ಜಿಯ ಕೈ ಹಿಡಿದುಕೊಂಡೆ.

ದಿಬ್ಬಣ ಮತ್ತೆ ಹೊರಟಿತು. ನಿಂತಿತು.

ಎರಡು.

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎದುರಿನ ಗಂಗೆ, ದೋಣಿ, ಜನ ಎಲ್ಲ ದೂರ ಹೋದವು. ನಮ್ಮವರು, “ಏನಾಯ್ತೇ? ಏನಾಯ್ತು?” ಎಂದು ನನ್ನ ಭುಜ ಅಲುಗಿಸುತ್ತಿದ್ದರು. ಏನೂ ತೋಚದೆ ಬುಟ್ಟಿ ಇಳಿಸಿ, ಫೋನ್ ತಾನೇ ಎತ್ತಿಕೊಳ್ಳುವ ಹಾಗೆ ಯಾವುದೋ ಗುಂಡಿ ಒತ್ತಿ ಮತ್ತೆ ಏರಿಸಿದರು.

ಮೂರನೆಯ ಸಲ ರಿಂಗಾಯಿತು. ಮೂರಕ್ಕೆ ನಾವು ಏನೂ ಗೊತ್ತುಮಾಡಿರಲಿಲ್ಲ. ಎರಡಕ್ಕಿಂತ ಕೆಟ್ಟದ್ದು ಏನಿರುತ್ತದೆ?

ಆಗ ಕಾಶಿಯ ಆಕಾಶದಿಂದ ನಮ್ಮಕ್ಕ ಮಾತಾಡಿದಳು.

“ಲೇ! ಮೊದಲನೇದು ಮುಟ್ಟಿತೋ ಇಲ್ಲವೋ ಅಂತ ಖಾತ್ರಿ ಮಾಡಿಕೊಳ್ಳೋಕೆ ಎರಡನೇದು ಕೊಟ್ಟೆ ಕಣೇ! ಆಮೇಲೆ ನೆನಪಾಯ್ತು, ಎರಡು ಅಂದರೆ ಕೆಟ್ಟದ್ದಲ್ವಾ ಅಂತ! ಹೆದರಬೇಡ! ಗಂಟಿನಲ್ಲಿ ಏನೂ ಇಲ್ವಂತೆ! ಬರೀ ಕೊಬ್ಬಂತೆ!”

ಸ್ನಾನ ಮಾಡುತ್ತಿದ್ದವರಲ್ಲಿ ಮುಳುಗಲು ಮೂಗು ಹಿಡಿದವರು ಹಿಡಿದ ಹಾಗೇ ನಿಂತಿದ್ದರು. ಮಠದ ಸ್ವಾಮಿಗಳೊಬ್ಬರು ಮೆಟ್ಟಿಲಿಳಿಯುವುದನ್ನು ನಿಲ್ಲಿಸಿ, ಮೇಲೆ ನೋಡಿ ಕೈಮುಗಿದರು.

“ಕೇಳಿಸ್ತಾ?” ಆಕಾಶ ಮತ್ತೆ ಕೂಗಿತು. “ನಿನ್ನ ಗಂಡನಿಗೆ ಮಾತ್ರ ಹೇಳಬೇಡ!”

ನಮ್ಮವರು ಹಗ್ಗ ಹಿಡಿದುಕೊಂಡೇ, ಕತ್ತು ಪೂರಾ ಹಿಂದಕ್ಕೆ ಬಾಗಿಸಿ, ಬಹಳ ವಿನಯದಿಂದ ಕೂಗಿದರು: “ಇಲ್ಲ ಅಕ್ಕಾ! ಅವಳು ಏನೂ ಹೇಳಿಲ್ಲ!”

ಮರುದಿನ ಹೊರಡಬೇಕಿತ್ತು. ಹೊರಡಲಿಲ್ಲ. ಸಾಲ ಇಟ್ಟುಕೊಂಡು ಕಾಶಿ ಬಿಡುವುದು ಹೇಗೆ? ಸಂಜೆ ಎಣ್ಣೆ, ಬತ್ತಿ, ಎರಡು ಹಣತೆ ಹಿಡಿದು ಘಾಟಿಗೆ ಹೋದೆ. ಅಜ್ಜಿಯ ಬುಟ್ಟಿ ಒರೆಸಿ, ಹಣತೆ ಎರಡನ್ನೂ ಇಟ್ಟೆ. “ಇದು ನಿನ್ನೆಯದು, ಇದು ಇವತ್ತಿನದು” ಎಂದು ಕಡ್ಡಿ ಗೀರಿದೆ. ಅಜ್ಜಿ ನನ್ನ ಕೈ ಗಪ್ಪನೆ ಹಿಡಿದರು.

“ಎರಡೂ ಒಟ್ಟಿಗೆ ಬ್ಯಾಡವ್ವಾ. ಎರಡು ಕಂಡ್ರೆ ಇಲ್ಲೇನೋ ಆಗೈತೆ ಅಂತ ನಮ್ಮೆಜಮಾನ್ರು ಗಾಬರಿ ಬಿದ್ದು ವಾಪಸ್ ಬಂದ್ಬಿಟ್ಟಾರು. ಈಗೀಗ ನಾನು ಒಸಿ ಆರಾಮಾಗಿದೀನಿ.”

ಒಂದನ್ನೇ ಹಚ್ಚಿ ಏರಿಸಿದೆ. ಅದರ ಎಣ್ಣೆ ತೀರುವವರೆಗೂ ಇಬ್ಬರೂ ಮೆಟ್ಟಿಲ ಮೇಲೆ ಕಾದು ಕೂತು, ಬುಟ್ಟಿ ಇಳಿಸಿ, ಇನ್ನೊಂದನ್ನು ಹಚ್ಚಿದೆವು.