ಎರಡನೆಯ ವಿಮಾನಕ್ಕೆ ಪರವಾನಗಿ

ಅತಾ ಆಯಿಕ್ವೇಯವರ ಮೊದಲನೆಯ ವಿಮಾನವು ಕಳೆದ ಹದಿನಾಲ್ಕು ತಿಂಗಳುಗಳಿಂದ ಆಕಾಶದಲ್ಲಿ ಹಾರುತ್ತಲೇ ಇದೆ ಎಂದು ನಮ್ಮ ವಿಮಾನ ಪರವಾನಗಿ ಕಚೇರಿಯ ದಾಖಲೆಗಳು ತಿಳಿಸುತ್ತವೆ. ಹಾರಿದ ಐದನೆಯ ನಿಮಿಷಕ್ಕೇ ಅದು ಸಮುದ್ರಕ್ಕೆ ಬಿದ್ದದ್ದನ್ನು ಮೀನುಗಾರರೆಲ್ಲ ಕಂಡಿದ್ದಾರೆ, ನಿಜ. ಆದರೆ ಭೂಸ್ಪರ್ಶದ ನಮೂನೆ ಭರ್ತಿಯಾಗಿಲ್ಲ. ಮೀನುಗಾರರ ಮಾತು ಕೇಳಿಕೊಂಡು ಕಚೇರಿ ನಡೆಸಲಿಕ್ಕಾಗುತ್ತದೆಯೇ?

ಅಕ್ರಾದ ಈ ಕಡಲ ಬದಿಯ ಬಡಾವಣೆಯಲ್ಲಿ ಅತಾ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಈಗ ರಿಮೋಟಿನಿಂದ ಹಾರುವ ಪುಟ್ಟ ವಿಮಾನ ಕಟ್ಟುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಕಣ್ಣು ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅಷ್ಟರೊಳಗೆ ಎರಡನೆಯ ವಿಮಾನ ಹಾರುವುದನ್ನು ಕಣ್ತುಂಬ ನೋಡಬೇಕೆಂಬುದು ಅವರ ಆಸೆ. ಆಸೆಪಡುವುದಕ್ಕೆ ನಿಯಮಗಳಲ್ಲಿ ಅಡ್ಡಿಯಿಲ್ಲ.

"ಒಬ್ಬರಿಗೆ ಒಂದು ಹೊತ್ತಿಗೆ ಒಂದೇ ವಿಮಾನ," ಎಂದರು ನಮ್ಮ ಮೇಲಧಿಕಾರಿ ಕೊರ್ಕೊಯ್ ಮೇಡಂ. "ಮೊದಲಿನದನ್ನ ಇಳಿಸಿ, ಆಮೇಲೆ ಬನ್ನಿ."

"ಅದು ಮುಳುಗಿಹೋಯ್ತಲ್ಲಮ್ಮಾ!"

"ಹಾಗಾದ್ರೆ ಸತ್ತುಹೋಯ್ತು ಅನ್ನಿ. ಹೂಳಿದ ಪತ್ರ ತನ್ನಿ. ಇಷ್ಟು ವಯಸ್ಸಾಗಿದೆ, ಒಂದು ಅಂತ್ಯಕ್ರಿಯೆ ಮಾಡ್ಸೋಕೆ ಬರಲ್ವಾ?"

ಅಂತ್ಯಕ್ರಿಯೆಯ ವಿಷಯದಲ್ಲಿ ನಮ್ಮ ಜನ ಹಿಂದೆ ಬೀಳುವವರಲ್ಲ. 'ಹದಿನಾಲ್ಕು ತಿಂಗಳ ತುಂಬು ಹಾರಾಟದ ನಂತರ' ಎಂದು ಬರೆದ ಭಾವಚಿತ್ರದ ಪೋಸ್ಟರು ಸರ್ಕಲ್ಲಿಗೆ ಬಿತ್ತು. ಸಾವಿನ ಮನೆಗೆ ಉಡುವ ಕೆಂಪು, ಕಪ್ಪು ಬಟ್ಟೆಯುಟ್ಟು ಊರೇ ಬಂತು. ಮೀನುಗಾರನಿಗೆ ಮೀನಿನಾಕಾರದ, ಪೈಲಟ್ಟಿಗೆ ವಿಮಾನದಾಕಾರದ ಶವಪೆಟ್ಟಿಗೆ ಮಾಡುವ ನಮ್ಮ ಬಡಗಿ, ವಿಮಾನಕ್ಕೇ ಯಾವ ಆಕಾರವೆಂದು ತಲೆ ಕೆರೆದುಕೊಂಡು, ಕೊನೆಗೆ ಅತಾ ಅವರ ಆಕಾರದ್ದನ್ನೇ ಮಾಡಿದ. ಮೂಗು ಬಹಳ ಚೆನ್ನಾಗಿ ಬಂದಿತ್ತು.

ಮೇಡಂ ಮುಚ್ಚಳ ತೆಗೆದು ನೋಡಿದರು. "ಖಾಲಿ ಪೆಟ್ಟಿಗೆ ಹೂಳೋ ಹಾಗಿಲ್ಲ. ಮನೇಲಿ ಒಂದಿದೆಯಲ್ಲ, ಅದನ್ನ ಇಡಿ. ಬ್ಯಾಟರಿ ಸಮೇತ, ಅಂಗಾಂಗ ಎಲ್ಲಾ ಸರಿಯಾಗಿರ್ಬೇಕು."

"ಅದು ಎರಡನೇದು ಕಣಮ್ಮಾ!"

"ಎರಡನೇದಕ್ಕೆ ಪರವಾನಗಿ ಎಲ್ಲಿದೆ? ಇಲ್ಲ ಅಂದ್ಮೇಲೆ ಅದು ಎರಡನೇದು ಹೇಗಾಗತ್ತೆ?"

ಮೊದಲು ಪತ್ರ ತೆಗೆದುಕೊಳ್ಳಿ, ಆಮೇಲೆ ಅಗೆದುಕೊಂಡರಾಯಿತು ಎಂದು ಕಿವಿಯಲ್ಲಿ ಊದಿದವನು ನಾನೇ. ಅತಾ ವಿಮಾನವನ್ನು ಪೆಟ್ಟಿಗೆಯೊಳಗೆ ಮಲಗಿಸಿ ಸಹಿ ಹಾಕಿದರು. ವಿಮಾನ ಹಾರಿಸುವ ಮೈದಾನದ ಅಂಚಿನಲ್ಲೇ ಹೂಳಿದೆವು. ಮೇಡಂ ಅಲ್ಲೇ ನಿಂತು ಎರಡನೆಯ ವಿಮಾನಕ್ಕೆ ಪರವಾನಗಿ ಕೊಟ್ಟರು. ಅದರ ಅವಧಿ ಅಂದೇ ಮಧ್ಯಾಹ್ನ ಮೂರು ಗಂಟೆಯವರೆಗೆ. ಸಮಾಧಿ ಅಗೆಯುವುದು ಬೇರೆ ಇಲಾಖೆಯ ಕೆಲಸ, ಅರ್ಜಿ ಹಾಕಿ ನಲವತ್ತು ದಿನ ಕಾಯಬೇಕು.

"ಮೂರಕ್ಕೆ ಹತ್ತು ನಿಮಿಷ ಇದೆ, ಹಾರಿಸಿ," ಎಂದರು ಮೇಡಂ.

ಅತಾ ರಿಮೋಟಿನ ಕಡ್ಡಿ ಒತ್ತಿದರು. ಕಾಲಬುಡದ ಮಣ್ಣೊಳಗೆ ಏನೋ ಗುಂಯ್ ಎಂದಿತು. ನೆರೆದವರೆಲ್ಲ ತಲೆಯೆತ್ತಿ ಆಕಾಶ ನೋಡಿ ಚಪ್ಪಾಳೆ ತಟ್ಟಿದರು. ದುರ್ಬೀನು ಹಿಡಿದ ಮೇಡಂ 'ಎತ್ತರ ತೃಪ್ತಿಕರ' ಎಂದು ಬರೆಸಿದರು, ನಾನು ಬರೆದುಕೊಂಡೆ.

"ನಂಗೇನೂ ಕಾಣ್ತಿಲ್ಲಮ್ಮಾ," ಅಂದರು ಅತಾ, ನೆಲವನ್ನೇ ನೋಡುತ್ತ.

"ಅಯ್ಯೋ ಪಾಪ, ಕ್ರಿಸ್‌ಮಸ್‌ಗೆ ಮುಂಚೇನೇ ಹೋಗ್ಬಿಡ್ತಾ ಕಣ್ಣು!" ಎಂದರು ಮೇಡಂ.

ಎಲ್ಲರೂ ಲೊಚಗುಟ್ಟಿದರು. ನಾನು ಅವರ ಗದ್ದ ಹಿಡಿದು ಮೇಲಕ್ಕೆತ್ತಿ, ವಿಮಾನ ಎಲ್ಲಿದೆಯೆಂದು ಬೆರಳು ಮಾಡಿ ತೋರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವರಿಗೂ ಕಂಡಿತು.