ಮಾವನ ಪಂಚೆ ಮತ್ತು ಹೆಲಿಕಾಪ್ಟರ್ ರೆಕ್ಕೆ

ಹಾಸನ ಜಿಲ್ಲೆಯಲ್ಲಿ ಮೊಟ್ಟಮೊದಲು ಹೆಲಿಕಾಪ್ಟರ್ ಹಾರಿಸಿದವನು ನಾನೇ. ಸುಳ್ಳು ಬಿಡಿ, ಟೀ ಕುಡೀರಿ ಸಾ. ಹಾಸನದ ಹಿಟ್ಟಿನ ಗಿರಣಿಯಲ್ಲಿ ಬೆಲ್ಟ್ ಏರಿಸುತ್ತಿದ್ದೆ, ಅಷ್ಟೇ. ಆದರೆ ನಾನು ಬಾಯಿ ಬಿಟ್ಟಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

೧. ಅರಕಲಗೂಡಿನ ಉಪ್ಪಿಟ್ಟು

ಅರವತ್ತರ ದಶಕ, ಆಗ ನನ್ನ ಮೀಸೆ ಕಪ್ಪಗಿತ್ತು. ಅರಕಲಗೂಡಿಗೆ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿಯನ್ನು ನೋಡಿದ್ದೇ ತಡ, ಮದುವೆಯಾದರೆ ಇವಳನ್ನೇ ಆಗಬೇಕು ಅನ್ನಿಸಿತು. ಅವಳಪ್ಪ, "ಏನ್ ಕೆಲ್ಸ ತಮ್ದು?" ಅಂದರು. ಗಿರಣಿ ಅನ್ನಲು ನಾಚಿಕೆಯಾಗಿ, "ಹೆಲಿಕಾಪ್ಟರಿಗೆ ರೆಕ್ಕೆ ಕೂರಿಸ್ತೀನಿ" ಅಂದುಬಿಟ್ಟೆ.

ನನ್ನನ್ನು ಕರೆತಂದಿದ್ದ ಚನ್ನರಾಯಪಟ್ಟಣದ ದಲ್ಲಾಳಿ ಪಿಳಿಪಿಳಿ ಕಣ್ಣು ಬಿಟ್ಟ. ಅವಳಪ್ಪನ ಕೈಲಿದ್ದ ಲೋಟ ಜಾರಿತು. "ಅಂಗಾದ್ರೆ ಬನ್ನಿ! ನಾಳೀಕೆ ಒಳೆನರ್ಸೀಪುರದ ಮೈದಾನಕ್ಕೆ ಒಂದು ಬತ್ತದಂತೆ. ಅದ್ನ ನೋಡ್ಕಂಡೇ ಮಾತು ಮುಗ್ಸಾನ."

ಬಾಯಿಗೆ ಒಯ್ದಿದ್ದ ಉಪ್ಪಿಟ್ಟನ್ನು ತಟ್ಟೆಗೇ ಇಳಿಸಿದೆ.

೨. ಬಾಡಿದ ರೆಕ್ಕೆ

ಮರುದಿನ ಮೈದಾನದಲ್ಲಿ ಹೆಲಿಕಾಪ್ಟರ್ ಕಂಡು ಎರಡು ಹೆಜ್ಜೆ ಹಿಂದೆ ಸರಿದೆ. ಅಷ್ಟುದ್ದದ ರೆಕ್ಕೆಗಳು ಬಾಳೆಎಲೆಯ ಹಾಗೆ ಜೋತುಬಿದ್ದಿದ್ದವು!

"ಅಯ್ಯಯ್ಯೋ, ಬಾಡೋಗವಲ್ಲ! ಇವ್ನೂ ನೀವೇ ಕೂರ್ಸಿದ್ದಾ?" ಅಂದರು ಅವಳಪ್ಪ, ಆಗಲೇ ನನ್ನ ಬಾಯಲ್ಲಿ ಮಾವ.

"ಒಳಗೆ ದೊಡ್ಡ ಸಾಹೇಬ್ರು ಅವ್ರೆ ಮಾವ. ದೊಡ್ಡೋರ ಮುಂದೆ ನಾವು ಎಗಲ ಮೇಲಿನ ವಲ್ಲಿ ಇಳಿಸಲ್ವಾ? ಅಂಗೇ, ಮರ್ಯಾದೆ."

ಅಷ್ಟರಲ್ಲಿ ಪೈಲಟ್ ಯಾತಕ್ಕೋ ರೆಕ್ಕೆಗಳನ್ನು ಒಂದಿಷ್ಟು ತಿರುಗಿಸಿ ನಿಲ್ಲಿಸಿದ. ತಿರುಗುವಾಗ ಅವು ನೆಟ್ಟಗಾದವು. ಮಾವ ಹೌಹಾರಿದರು: "ಸಾಹೇಬ್ರು ಇನ್ನೂ ಒಳಗವ್ರೆ, ಮರ್ಯಾದೆ ಬುಟ್ಬುಡ್ತಲ್ಲ!"

೩. ಒದ್ದೆ ವಲ್ಲಿ

ಮಾವನ ಅನುಮಾನ ಬಿಡಿಸಲೇಬೇಕಲ್ಲ. ನನ್ನ ವಲ್ಲಿಯನ್ನು ನಲ್ಲಿಯಲ್ಲಿ ನೆನೆಸಿ ತಂದೆ. "ಸುಮ್ನೆ ಇಡ್ಕಂಡ್ರೆ ಜೋತಾಡ್ತದೆ. ಗಿರಗಿರ ತಿರುಗಿಸಿದ್ರೆ ಆಚೆಗೆ ಎಳೀತದೆ, ಸೆಟೆದು ನಿಲ್ತದೆ. ರೆಕ್ಕೇನೂ ಅಷ್ಟೆಯಾ." ಆ ದಿನ ನಾನಾಡಿದ ನಿಜ ಇದೊಂದೇ.

ವಲ್ಲಿ ಸೆಟೆಯಿತು. ಕೈಯಿಂದಲೂ ಜಾರಿತು. ಜೊತೆಗೆ ಬಂದಿದ್ದ ದಲ್ಲಾಳಿಯ ಮುಖಕ್ಕೆ ಛಟೀರ್!

"ಸಂಬಂಧ ಕುದುರ್ಸಿದ್ದಕ್ಕೆ ವಲ್ಲಿ ಕೊಡೋದು ಸರಿ ಕಣ್ಲಾ. ಒಣಗಿಸಿ ಕೊಡಬಾರ್ದಾ?" ಅಂದ ದಲ್ಲಾಳಿ.

೪. ಪಂಚೆ

ಕೊನೆಗೆ ಯಂತ್ರ ಮೇಲೇಳಲು ಹೊರಟಿತು. ರೆಕ್ಕೆಯ ತುದಿಗಳು ಈಗ ಮೇಲಕ್ಕೆ ಬಾಗಿದವು. "ಅಷ್ಟು ಭಾರ ಎತ್ತಬೇಕಲ್ಲ ಮಾವ..." ಅನ್ನುವಷ್ಟರಲ್ಲಿ ಅವು ಕೆಳಕ್ಕೆ ತಳ್ಳಿದ ಗಾಳಿ ನಮ್ಮ ಮೇಲೆ ಅಪ್ಪಳಿಸಿತು. ಕಣ್ಣುಬಿಟ್ಟರೆ ಮಾವನ ಪಂಚೆ ನನ್ನ ತಲೆಯ ಮೇಲೆ. ಮಾವ ಪಟಾಪಟಿ ಚಡ್ಡಿಯಲ್ಲಿ, ಅಲ್ಲೇ ನಿಂತಿದ್ದ ಜೀಪಿನ ಹಿಂದೆ.

ಮುಖ ಒರೆಸಿಕೊಳ್ಳುತ್ತಿದ್ದ ದಲ್ಲಾಳಿ ಅದೇ ಹೊತ್ತಿಗೆ ಸಿಟ್ಟು ತೀರಿಸಿಕೊಂಡ: "ಇವ್ನು ರೆಕ್ಕೆಯೋನಲ್ಲ ಕಣಣ್ಣಾ, ಆಸನದ ಗಿರಣಿಯೋನು!"

ಜೀಪಿನ ಹಿಂದಿನಿಂದ ಗುಡುಗು: "ಗಿರಣಿಯೋನಾ? ಎಣ್ಣು ಕೊಡಾಕಿಲ್ಲ! ಪಂಚೆ ಕೊಡ್ಲಾ!"

"ಎಣ್ಣು ಕೊಡಿ ಮಾವ, ಪಂಚೆ ಕೊಡ್ತೀನಿ!"

ಜೀಪಿನ ಡ್ರೈವರ್ ಬಂದು ಗಾಡಿ ಸ್ಟಾರ್ಟ್ ಮಾಡಿದ.

"ಕೊಟ್ಟೆ ಕಣ್ಲಾ, ಕೊಟ್ಟೆ! ಎಸಿ ಇತ್ಲಾಗೆ!"

ಆವತ್ತಿನ ಗಾಳಿಗೆ ನನ್ನ ಜೇಬಿನಲ್ಲಿದ್ದ ದುಡ್ಡೂ ಹಾರಿಹೋಯಿತು, ಇವತ್ತಿಗೂ ಸಿಕ್ಕಿಲ್ಲ. ಈ ಟೀ ದುಡ್ಡು ನೀವೇ ಕೊಟ್ಬುಡಿ ಸಾ.