ನಿದ್ದೆ ಮಾಡದ ಕಂಪ್ಯೂಟರ್

ನಮ್ಮ ಮನೆಯಲ್ಲಿ ನಿದ್ದೆಯ ವಿಷಯಕ್ಕೆ ಒಂದಲ್ಲ ಒಂದು ರಗಳೆ ಇದ್ದದ್ದೇ. ಮನುಷ್ಯರದ್ದು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಕಂಪ್ಯೂಟರಿನದು ಶುರುವಾಯಿತು.

ಪಂದ್ಯ

ತಮಿಳು ಸೀಮೆಯ ತ್ರಿಪ್ಲಿಕೇನಿನಲ್ಲಿ ಒಂದು ಮೆಸ್ಸಿನ ಮೇಲಿನ ಕೋಣೆಯಲ್ಲಿ ನಾನು ಟೈಪಿಂಗ್ ಕೆಲಸ ಮಾಡುತ್ತಿದ್ದೆ. ಶಾಲೆಗೆ ಹೋದವಳಲ್ಲ. ಓದಲು ಕಲಿತದ್ದು ದಿನಸಿ ಕಟ್ಟಿಕೊಡುತ್ತಿದ್ದ ಕಾಗದಗಳಿಂದ, ಕಂಪ್ಯೂಟರ್ ಕಲಿತದ್ದು ಅದರ ಜೊತೆ ಬಂದ ಪುಸ್ತಕದಿಂದ. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಅದು ತಾನಾಗಿಯೇ ಮಲಗುತ್ತದೆ ಎಂದು ಆ ಪುಸ್ತಕದಲ್ಲಿತ್ತು. ಊಟವಾಗಿ ಸಮುದ್ರದ ಗಾಳಿ ಬರುವ ಹೊತ್ತಿಗೆ ಅದೂ ಮಲಗಲಿ, ನಾನೂ ಚಾಪೆ ಹಾಸುವೆ ಎಂದು ಕನಸು ಕಂಡೆ. ಅದು ಮಲಗಲಿಲ್ಲ. ದುಡಿಯುವ ಯಂತ್ರ ಕಣ್ಣು ಬಿಟ್ಟುಕೊಂಡಿರುವಾಗ ಯಜಮಾನಿ ಮಲಗುವುದು ಹೇಗೆ?

ವಿಮಾ ಕಚೇರಿಯಲ್ಲಿದ್ದ ಮೈದುನ ಕೇಳಿ ನಕ್ಕ. "ಅತ್ತಿಗೆ, ನಿಮ್ಮ ಮಾತು ಕೇಳದ್ದು ನಿಮಗ್ಯಾಕೆ? ನಮ್ಮನೆಗೆ ಕಳಿಸಿ, ಮಗಳು ಆಡ್ಕೋತಾಳೆ."

ಆಯುಧಪೂಜೆಯೊಳಗೆ ನಿನ್ನ ಕಣ್ಣೆದುರೇ ಮಲಗಿಸದಿದ್ದರೆ ಹೊತ್ತುಕೊಂಡು ಹೋಗು ಎಂದುಬಿಟ್ಟೆ. ಹೇಳಿದ ಮೇಲೆ ನೆನಪಾಯಿತು. ನನ್ನ ಅನ್ನ ಅದು. ಆದರೆ ಅನ್ನ ನುಂಗಿ ಗೊತ್ತು, ಆಡಿದ ಮಾತು ನುಂಗಿ ಗೊತ್ತಿಲ್ಲ.

ಡಾಕ್ಟರ ಮುಂದಿನ ಜ್ವರ

ಪುಸ್ತಕ ಹೇಳಿದ್ದನ್ನೆಲ್ಲ ಮಾಡಿದೆ. ಪರದೆಯ ಮೇಲೆ ಈಜುತ್ತಿದ್ದ ಮೀನುಗಳನ್ನು ಓಡಿಸಿದೆ. ಫೋನಿನ ತಂತಿ ಕಿತ್ತೆ, ಪ್ರಿಂಟರ್ ಬಿಡಿಸಿದೆ. ಕೊನೆಗೆ ಒಲ್ಲದ ಮನಸ್ಸಿನಿಂದ ರಿಪೇರಿಯವನನ್ನು ಕರೆಸಿದೆ.

ದಿನವೂ ಊಟಕ್ಕೆ ಏಳುವಾಗ ನಾನು ಮೌಸನ್ನು ಅಂಗಾತ ಮಲಗಿಸಿ, ಅದರ ಹೊಟ್ಟೆಯಲ್ಲಿ ಉರಿಯುವ ಕೆಂಪು ದೀಪದ ಮೇಲೆ ಒಂದೆಳೆ ಮಲ್ಲಿಗೆ ಇಡುತ್ತಿದ್ದೆ. ದೀಪ ಅಂದಮೇಲೆ ಹೂವು ಬೇಡವೇ? ಪೂಜೆಯ ಹೂವಿಗೆ ಹೊರಗಿನವನ ಕೈ ತಾಗಬಾರದೆಂದು ಆವತ್ತು ಮಾತ್ರ ಅದನ್ನು ತೆಗೆದು ಮೌಸನ್ನು ನೆಟ್ಟಗಿಟ್ಟೆ. ಅವನು ಕೈಕಟ್ಟಿ ಕೂತ. ಹಾಲು ಕುಡಿದ ಮಗುವಿನಂತೆ ಯಂತ್ರ ಮಲಗಿಬಿಟ್ಟಿತು. ಅವನು ಮೆಸ್ಸಿನ ಮಜ್ಜಿಗೆ ಕುಡಿದು, "ಅಮ್ಮಾ, ಇದಕ್ಕೇನೂ ಆಗಿಲ್ಲ. ರೆಸ್ಟ್ ಬೇಕಾಗಿರೋದು ನಿಮಗೆ" ಎಂದು ತಮಿಳಿನಲ್ಲಿ ಹೇಳಿ ಮೆಟ್ಟಿಲಿಳಿದ. ನಾನು ಮತ್ತೆ ಹೂವಿಟ್ಟೆ. ಅದು ಮತ್ತೆ ಕಣ್ಣು ಮುಚ್ಚಲಿಲ್ಲ.

ಕರೆಂಟು ಹೋದ ಮಧ್ಯಾಹ್ನ

ಒಂದು ಮಧ್ಯಾಹ್ನ ಗೋಡೆಗೊರಗಿ ತೂಕಡಿಸುತ್ತಿದ್ದೆ. ಕೆಳಗೆ ಮೆಸ್ಸಿನ ಗ್ರೈಂಡರ್ ಗುಂಯ್ಗುಡುತ್ತಿತ್ತು, ಮೇಲೆ ಫ್ಯಾನು. ಎರಡರ ನಡುವೆ ದೋಣಿಯಲ್ಲಿದ್ದಂತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿಯಿದ್ದ ಕಂಪ್ಯೂಟರ್ ಮಾತ್ರ ನಡೆಯುತ್ತಿತ್ತು. ಎದುರಿನ ಲಾಡ್ಜಿನವರೆಲ್ಲ ಎದ್ದು ಪೇಪರಿನಲ್ಲಿ ಗಾಳಿ ಬೀಸಿಕೊಳ್ಳುತ್ತ ಬಾಲ್ಕನಿಗೆ ಬಂದರು. ಬೀದಿಗೆ ಬೀದಿಯೇ ಎದ್ದು ಕೂತಿತ್ತು. ಹತ್ತು ನಿಮಿಷ ಬಿಟ್ಟು ತಿರುಗಿ ನೋಡಿದರೆ ಕಂಪ್ಯೂಟರ್ ಒಂದೇ ನಿದ್ದೆ ಹೋಗಿದೆ.

ಕರೆಂಟು ಬಂತು. ಫ್ಯಾನು ತಿರುಗಿತು, ಮೌಸಿನ ಮೇಲಿನ ಮಲ್ಲಿಗೆ ನಡುಗಿತು, ಪರದೆ ಬೆಳಗಿತು. ಹೂವು ಅಲುಗಿದಾಗಲೆಲ್ಲ ಪರದೆಯ ಮೇಲಿನ ಬಾಣವೂ ಅಲುಗುತ್ತಿತ್ತು. ಯಾರೋ ಕೆಲಸ ಮಾಡುತ್ತಿದ್ದಾರೆಂದು ಪಾಪ ಅದು ಇಷ್ಟು ದಿನವೂ ಎಚ್ಚರವಿತ್ತು. ಪೂಜೆ ಮಾಡಿ ಮಾಡಿ ನಾನೇ ಅದರ ನಿದ್ದೆ ಕೆಡಿಸಿದ್ದೆ. ದಿನಕ್ಕೆರಡು ಸಲ ಹೂವೇರಿಸಿಕೊಳ್ಳುವ ದೇವರ ಪಾಡು ನೆನೆದು ಅಯ್ಯೋ ಎನಿಸಿತು.

ಸಾಕ್ಷಿ

ಆಯುಧಪೂಜೆಯ ಹಿಂದಿನ ಭಾನುವಾರ ಮೈದುನ ಮಗಳೊಂದಿಗೆ ಬಂದ. ಕೈಯಲ್ಲಿ ಹಗ್ಗವೂ ಇತ್ತು. ನಾನು ಮೌಸನ್ನು ನೆಟ್ಟಗಿಟ್ಟು, ಮಲ್ಲಿಗೆಯನ್ನು ಗೋಡೆಯ ದೇವರ ಪಟಕ್ಕೇರಿಸಿದ್ದೆ. ಅವನು ಹೊಟ್ಟೆ ತುಂಬ ಹುಳಿಯನ್ನ ಉಂಡು, ರೆಪ್ಪೆ ಮಿಟುಕಿಸುವುದಿಲ್ಲ ನೋಡಿ ಎಂದು ಕಂಪ್ಯೂಟರಿನೆದುರು ಕುರ್ಚಿ ಎಳೆದುಕೊಂಡ.

ಗಾಳಿ ಬಂತು. ಮಲ್ಲಿಗೆಯ ವಾಸನೆ ಕೋಣೆಯೆಲ್ಲ ಸುಳಿದಾಡಿತು. ನಾನು ಬಾಗಿಲಲ್ಲಿ ನಿಂತಿದ್ದೆ, ಹುಡುಗಿ ಚಾಪೆಯ ಮೇಲೆ ಉರುಳಿಕೊಂಡು ನೋಡುತ್ತಿದ್ದಳು. ಮೊದಲು ಮೈದುನನ ಕತ್ತು ವಾಲಿತು. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು. ಅವನೂ ಅದೂ ಇಬ್ಬರೂ ಎಷ್ಟು ಚೆನ್ನಾಗಿ ಮಲಗಿದ್ದರೆಂದರೆ, ಎಬ್ಬಿಸಲು ನನಗೆ ಮನಸ್ಸೇ ಬರಲಿಲ್ಲ.

ಸಂಜೆ ಅವನೇ ಬೆಚ್ಚಿ ಎದ್ದ. ಕೈ ಮೌಸಿಗೆ ತಗುಲಿ ಪರದೆ ಫಳ್ಳೆಂದಿತು.

"ನೋಡಿದ್ರಾ ಅತ್ತಿಗೆ, ಇನ್ನೂ ಎದ್ದೇ ಇದೆ. ಸೋತ್ರಿ," ಎಂದು ಹಗ್ಗ ಬಿಚ್ಚತೊಡಗಿದ.

ನಾನೆಷ್ಟು ಹೇಳಿದರೂ ನಂಬಲಿಲ್ಲ. ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವ ಅವನ ಮಗಳು ಚಾಪೆಯಿಂದ ತಲೆಯೆತ್ತದೆಯೇ ತೀರ್ಪು ಕೊಟ್ಟಳು. "ಅಪ್ಪಾ, ಮೊದಲ್ಲ ತೂಂಗಿನದು ನೀಂಗ." ಮೊದಲು ಮಲಗಿದ್ದು ನೀವು, ಅದು ಆಮೇಲೆ.

ಮೈದುನ ಹಗ್ಗ ಸುತ್ತಿಕೊಂಡ.

"ಹಗ್ಗ ಇಲ್ಲೇ ಬಿಟ್ಟಿರಪ್ಪ," ಎಂದೆ. "ಕಂಪ್ಯೂಟರ್ ಮುಟ್ಟಿದರೆ ಏಳುತ್ತೆ. ಕಟ್ಟಿ ಹೊತ್ತುಕೊಂಡು ಹೋಗಬೇಕಾಗಿರೋದು ನಿನ್ನನ್ನ."